ಬರಲಿರುವ ಟ್ಯಾಬ್ಲೆಟ್ಟಿನಲ್ಲಿ ಏನಿರಬೇಕು: ಬಿಡುಗಡೆಗೆ ಮುನ್ನ ಪಟ್ಟಿ ಬರೆದುಕೊಳ್ಳುವ ಕ್ರಮ

ಹೊಸ ಟ್ಯಾಬ್ಲೆಟ್ ಒಂದು ಬರಲಿದೆ ಎಂಬ ಸುದ್ದಿ ಹಬ್ಬಿದ ದಿನದಿಂದ ಅದು ಅಂಗಡಿ ಸೇರುವ ದಿನದವರೆಗೆ ಊಹೆಗಳಿಗೆ ಬರವಿರುವುದಿಲ್ಲ. ಪರದೆ ಇಷ್ಟು ಇಂಚು, ಪ್ರೊಸೆಸರ್ ಇಂಥದ್ದು, ಬೆಲೆ ಇಷ್ಟರ ಆಸುಪಾಸು ಎಂದು ದಿನಕ್ಕೊಂದು ಮಾತು ಕೇಳಿಬರುತ್ತದೆ. ಇವನ್ನು ಓದುವುದರಲ್ಲಿ ತಪ್ಪೇನಿಲ್ಲ. ಆದರೆ ಓದುವ ಮೊದಲು ನಮಗೆ ಏನು ಬೇಕು ಎಂಬ ಪಟ್ಟಿ ಕೈಯಲ್ಲಿರಬೇಕು. ಇಲ್ಲದಿದ್ದರೆ ಕಂಪನಿ ಏನು ಕೊಡುತ್ತದೆಯೋ ಅದೇ ನಮಗೆ ಬೇಕಾಗಿತ್ತು ಎಂದು ಅನ್ನಿಸತೊಡಗುತ್ತದೆ. ಅಂಥ ಪಟ್ಟಿಯನ್ನು ಬರೆದುಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದೆ. ಕನ್ನಡದಲ್ಲಿ ಓದುವ, ಬರೆಯುವ, ಪಾಠ ಹೇಳುವ ಅಥವಾ ಪಾಠ ಕೇಳುವ ಜನರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದರಿಂದ, ಆಟ ಆಡಲೆಂದೇ ಟ್ಯಾಬ್ಲೆಟ್ ಕೊಳ್ಳುವವರಿಗೆ ಇದರಲ್ಲಿ ಹೆಚ್ಚೇನೂ ಸಿಗದು.

ಒಂದು ಹಾಳೆಯನ್ನು ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಕೊಂಡ ಮೇಲೆ ಬದಲಾಯಿಸಲು ಆಗದ ಸಂಗತಿಗಳು ಎಡಭಾಗದಲ್ಲಿ ಬರಲಿ: ಪರದೆಯ ಅಳತೆ ಮತ್ತು ಆಕಾರ, ಅದರ ಸ್ಪಷ್ಟತೆ, ಪೆನ್ನಿನಲ್ಲಿ ಬರೆಯಲು ಪರದೆಯೊಳಗೆ ಇರಬೇಕಾದ ಪದರ, ರ‍್ಯಾಮ್, ಒಳಗಿನ ಸಂಗ್ರಹ, ಸಿಮ್ ಹಾಕುವ ಸೌಲಭ್ಯ, ತೂಕ. ಆಮೇಲೆ ಸೇರಿಸಿಕೊಳ್ಳಬಹುದಾದ ಕೀಲಿಮಣೆ, ಕವರ್, ಆ್ಯಪ್‌ಗಳು, ಚಾರ್ಜರ್ ಮುಂತಾದವು ಬಲಭಾಗದಲ್ಲಿರಲಿ. ಜಾಹೀರಾತಿನಲ್ಲಿ ಹೆಚ್ಚು ಸದ್ದು ಮಾಡುವುದು ಸಾಮಾನ್ಯವಾಗಿ ಬಲಭಾಗದ ಸಂಗತಿಗಳೇ. ಆದರೆ ಮೂರು ವರ್ಷಗಳ ನಂತರವೂ ಆ ಸಾಧನ ಮೇಜಿನ ಮೇಲಿರುತ್ತದೆಯೋ ಅಥವಾ ಬೀರು ಸೇರುತ್ತದೆಯೋ ಎಂಬುದನ್ನು ತೀರ್ಮಾನಿಸುವುದು ಎಡಭಾಗ. ಆದ್ದರಿಂದ ಯೋಚನೆಯ ಹೊತ್ತನ್ನೆಲ್ಲ ಮೊದಲು ಎಡಭಾಗಕ್ಕೆ ಕೊಡಬೇಕು.

ಊಹೆಗೆ ಎಷ್ಟು ಬೆಲೆ ಕೊಡಬೇಕು

2010ರ ಜನವರಿ 27ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟೀವ್ ಜಾಬ್ಸ್ ಮೊದಲ ಐಪ್ಯಾಡನ್ನು ತೋರಿಸುವುದಕ್ಕೆ ಹಿಂದಿನ ತಿಂಗಳುಗಳನ್ನು ನೆನೆದರೆ ಊಹೆಗಳ ಸ್ವಭಾವ ಚೆನ್ನಾಗಿ ತಿಳಿಯುತ್ತದೆ. ಪರದೆ ಸುಮಾರು 10 ಇಂಚು ಇರುತ್ತದೆ ಎಂಬ ಮಾತು ಹೆಚ್ಚುಕಡಿಮೆ ನಿಜವಾಯಿತು; ಬಂದದ್ದು 9.7 ಇಂಚು. ಬೆಲೆ 1,000 ಡಾಲರಿನ ಆಸುಪಾಸು ಇರುತ್ತದೆ ಎಂಬ ಮಾತು ಸುಳ್ಳಾಯಿತು. ಆರಂಭದ ಬೆಲೆ 499 ಡಾಲರ್ ಆಗಿತ್ತು. ಹೆಸರು ‘ಐಸ್ಲೇಟ್’ ಎಂದು ಬಹಳ ಮಂದಿ ನಂಬಿದ್ದರು. ಕ್ಯಾಮೆರಾ ಇದ್ದೇ ಇರುತ್ತದೆ ಎಂದುಕೊಂಡವರು 2011ರ ಮಾರ್ಚಿನಲ್ಲಿ ಎರಡನೆಯ ಐಪ್ಯಾಡ್ ಬರುವವರೆಗೆ ಕಾಯಬೇಕಾಯಿತು. ಇದೇ ಅವಧಿಯಲ್ಲಿ, ನಡುವೆ ಮಡಚುವ ಎರಡು ಪರದೆಗಳ ‘ಕೊರಿಯರ್’ ಎಂಬ ಮೈಕ್ರೋಸಾಫ್ಟ್ ಸಾಧನದ ಚಿತ್ರಗಳು ಸೋರಿಕೆಯಾಗಿ, ಐಪ್ಯಾಡಿಗಿಂತ ಇದೇ ಮೇಲು ಎಂದು ಕಾದು ಕುಳಿತವರೂ ಇದ್ದರು. 2010ರ ಏಪ್ರಿಲಿನಲ್ಲಿ ಆ ಯೋಜನೆಯನ್ನೇ ಕೈಬಿಡಲಾಯಿತು.

ಅಳತೆಯ ಊಹೆ ನಿಜವಾಗಿ ಬೆಲೆಯ ಊಹೆ ಸುಳ್ಳಾದದ್ದು ಕಾಕತಾಳೀಯವಲ್ಲ. ಪರದೆ, ಹೊರಕವಚ ಮುಂತಾದ ಬಿಡಿಭಾಗಗಳನ್ನು ಬಿಡುಗಡೆಗೆ ಎಷ್ಟೋ ತಿಂಗಳ ಮೊದಲೇ ಬೇರೆ ತಯಾರಕರಿಂದ ತರಿಸಬೇಕಾಗುತ್ತದೆ. ಅಷ್ಟು ಕೈ ದಾಟುವ ಸಂಗತಿ ಗುಟ್ಟಾಗಿ ಉಳಿಯುವುದಿಲ್ಲ. ಬೆಲೆಯನ್ನಾದರೋ ಕೊನೆಯ ವಾರಗಳವರೆಗೂ ಬದಲಾಯಿಸಬಹುದು, ಅದನ್ನು ಬಲ್ಲವರೂ ಬೆರಳೆಣಿಕೆಯಷ್ಟು ಜನ. ಆದ್ದರಿಂದ ಅಳತೆಯ ಬಗೆಗಿನ ಊಹೆಯನ್ನು ನಿಮ್ಮ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಬೆಲೆಯ ಬಗೆಗಿನ ಊಹೆಯನ್ನು ಕೇಳಿ ಬಿಡಬೇಕು.

ಊಹೆಗಿಂತ ಹೆಚ್ಚು ಎಚ್ಚರಿಕೆಯಿಂದ ನೋಡಬೇಕಾದದ್ದು ಕಂಪನಿಯೇ ಕೊಡುವ ಭರವಸೆ. 2011ರ ಏಪ್ರಿಲಿನಲ್ಲಿ ಬಂದ ಬ್ಲ್ಯಾಕ್‌ಬೆರಿ ಪ್ಲೇಬುಕ್‌ನಲ್ಲಿ, ಇಮೇಲ್‌ಗೆ ಹೆಸರಾದ ಕಂಪನಿಯ ಸಾಧನವಾಗಿದ್ದರೂ, ಅದರದೇ ಇಮೇಲ್ ಆ್ಯಪ್ ಇರಲಿಲ್ಲ. ಅದು ಅಪ್‌ಡೇಟ್ ಮೂಲಕ ಬಂದದ್ದು 2012ರ ಫೆಬ್ರುವರಿಯಲ್ಲಿ. 2011ರ ಫೆಬ್ರುವರಿಯಲ್ಲಿ ಬಂದ ಮೊಟೊರೊಲಾ ಝೂಮ್‌ಗೆ ಮೆಮೊರಿ ಕಾರ್ಡಿನ ಕಿಂಡಿ ಇತ್ತು, ಆದರೆ ಬಿಡುಗಡೆಯ ದಿನ ಅದು ಕೆಲಸ ಮಾಡುತ್ತಿರಲಿಲ್ಲ. ‘ಮುಂದಿನ ಅಪ್‌ಡೇಟ್‌ನಲ್ಲಿ ಬರಲಿದೆ’ ಎಂದು ಬರೆದಿರುವ ಸೌಲಭ್ಯಕ್ಕೆ ನಿಮ್ಮ ಪಟ್ಟಿಯಲ್ಲಿ ಸೊನ್ನೆ ಅಂಕ ಕೊಡಿ. ಬಂದರೆ ಸಂತೋಷ.

ಪಟ್ಟಿ ಎಲ್ಲಿಂದ ಹೊರಡಬೇಕು

ಬೆಂಗಳೂರಿನಲ್ಲಿಯೇ ರೂಪುಗೊಂಡ ಸಿಂಪ್ಯೂಟರ್ ಇಲ್ಲಿ ನೆನಪಿಗೆ ಬರಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಂಸ್ಥೆಯ ಇಂಜಿನಿಯರುಗಳೂ ಸೇರಿ ಈ ಕೈಗಣಕವನ್ನು ರೂಪಿಸುವಾಗ, ಸ್ವಂತಕ್ಕೆ ಗಣಕ ಕೊಳ್ಳಲಾಗದ, ಓದುಬರಹ ಬಾರದ ಹಳ್ಳಿಯ ಬಳಕೆದಾರರಿಂದ ತಮ್ಮ ಪಟ್ಟಿಯನ್ನು ಆರಂಭಿಸಿದರು. ಅದರಿಂದಲೇ ಎರಡು ತೀರ್ಮಾನಗಳು ಹುಟ್ಟಿದವು: ಒಂದೇ ಸಾಧನವನ್ನು ಹಲವರು ಬಳಸಲು ಪ್ರತಿಯೊಬ್ಬರಿಗೂ ಒಂದು ಸ್ಮಾರ್ಟ್ ಕಾರ್ಡ್, ಮತ್ತು ಪಠ್ಯವನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ಧ್ವನಿ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸಿದ ‘ಅಮಿಡಾ’ ಮಾದರಿಯಲ್ಲಿ ಸಾಧನವನ್ನು ವಾಲಿಸಿದರೆ ಗುರುತಿಸುವ ಸಂವೇದಕವೂ ಇತ್ತು. ಅದರ ಬೆಲೆ ಸುಮಾರು 10 ಸಾವಿರ ರೂಪಾಯಿಯಿಂದ ಆರಂಭವಾಗುತ್ತಿತ್ತು, ಮಾರಾಟ ಹೆಚ್ಚು ಆಗಲಿಲ್ಲ. ಆದರೂ ಆ ಪಟ್ಟಿಯಲ್ಲಿದ್ದ ಎಷ್ಟೋ ಬೇಡಿಕೆಗಳು ಸರಿಯಾಗಿದ್ದವು ಎಂಬುದನ್ನು ಇಂದಿನ ಸಾಧನಗಳು ತೋರಿಸುತ್ತವೆ.

2011ರ ಅಕ್ಟೋಬರ್ 5ರಂದು ದೆಹಲಿಯಲ್ಲಿ ಬಿಡುಗಡೆಯಾದ ‘ಆಕಾಶ್’ ಟ್ಯಾಬ್ಲೆಟ್ಟಿನ ಪಟ್ಟಿ ಮತ್ತೊಂದು ತುದಿಯಿಂದ ಹೊರಟಿತು. ವಿದ್ಯಾರ್ಥಿಗೆ 35 ಡಾಲರಿಗೆ ಸಿಗಬೇಕು ಎಂಬ ಬೆಲೆ ಮೊದಲು ನಿರ್ಧಾರವಾಗಿ, ಉಳಿದದ್ದೆಲ್ಲ ಅದಕ್ಕೆ ಹೊಂದಿಕೊಳ್ಳಬೇಕಾಯಿತು. ಫಲವಾಗಿ 7 ಇಂಚಿನ, ಒತ್ತಿದರೆ ಮಾತ್ರ ಸ್ಪಂದಿಸುವ ಪರದೆ, 256 ಎಂಬಿ ರ‍್ಯಾಮ್, 366 ಮೆಗಾಹರ್ಟ್ಸ್ ಪ್ರೊಸೆಸರ್ ಬಂದವು. ಪಿಡಿಎಫ್ ಪುಟವನ್ನು ಸರಿಸಲು ಉಗುರಿನಿಂದ ಒತ್ತಬೇಕಾದ ಸಾಧನದಲ್ಲಿ ಪಠ್ಯಪುಸ್ತಕ ಓದುವ ಉತ್ಸಾಹ ಯಾರಿಗೂ ಬಹಳ ದಿನ ಉಳಿಯುವುದಿಲ್ಲ. ಮರುವರ್ಷದ ಆಕಾಶ್-2ರಲ್ಲಿ ಪರದೆಯನ್ನೂ ಪ್ರೊಸೆಸರನ್ನೂ ಬದಲಾಯಿಸಿದರು. ನಮ್ಮ ಬಜೆಟ್ಟಿಗೂ ಮಿತಿ ಇರುತ್ತದೆ ನಿಜ. ಆದರೆ ಬೆಲೆಯನ್ನು ಪಟ್ಟಿಯ ಕೊನೆಯ ಸಾಲಿನಲ್ಲಿ ಬರೆದು, ಅಲ್ಲಿಂದ ಮೇಲಕ್ಕೆ ಬರುತ್ತ ಯಾವುದನ್ನು ಬಿಟ್ಟುಕೊಡಬಹುದು ಎಂದು ನೋಡುವುದು ಹೆಚ್ಚು ಸರಿ.

ಆದ್ದರಿಂದ ಮೊದಲ ಕೆಲಸವೆಂದರೆ ಒಂದು ವಾರ ನೀವು ನಿಜವಾಗಿ ಏನೇನು ಓದುತ್ತೀರಿ, ಬರೆಯುತ್ತೀರಿ, ನೋಡುತ್ತೀರಿ ಎಂಬುದನ್ನು ಗುರುತು ಹಾಕಿಕೊಳ್ಳುವುದು. ಅದು ದಿನಪತ್ರಿಕೆಯ ಇ-ಪೇಪರೇ, ಮಕ್ಕಳ ಪಠ್ಯಪುಸ್ತಕದ ಪಿಡಿಎಫ್ಫೇ, ಇಂಟರ್ನೆಟ್ ಆರ್ಕೈವ್‌ನಿಂದ ಇಳಿಸಿಕೊಂಡ ಹಳೆಯ ಕಾದಂಬರಿಯೇ, ಕಚೇರಿಯ ಸುತ್ತೋಲೆಯೇ, ಮೈಲ್ಯಾಂಗ್‌ನಂಥ ಆ್ಯಪ್‌ನಲ್ಲಿ ಕೊಂಡ ಇ-ಪುಸ್ತಕವೇ, ಎಲ್ಲವನ್ನೂ ಬರೆಯಿರಿ. ಮುಂದಿನ ತೀರ್ಮಾನಗಳೆಲ್ಲ ಈ ಟಿಪ್ಪಣಿಯಿಂದ ಹೊರಡುತ್ತವೆ.

ಪರದೆ: ರಟ್ಟು ಕತ್ತರಿಸಿ ನೋಡುವುದು

ಕನ್ನಡ ಓದುಗರಿಗೆ ಪರದೆಯ ಅಳತೆ ಇಂಗ್ಲಿಷ್ ಓದುಗರಿಗಿಂತ ಹೆಚ್ಚು ಮುಖ್ಯವಾಗಲು ಒಂದು ಕಾರಣವಿದೆ. ಇಂಗ್ಲಿಷಿನ ಇ-ಪುಸ್ತಕಗಳಲ್ಲಿ ಬಹುಪಾಲು ಪಠ್ಯರೂಪದಲ್ಲಿರುತ್ತವೆ. ಪರದೆ ಚಿಕ್ಕದಾದರೆ ಅಕ್ಷರವನ್ನು ದೊಡ್ಡದು ಮಾಡಿಕೊಂಡರಾಯಿತು, ಸಾಲುಗಳು ತಾವಾಗಿಯೇ ಮರುಹೊಂದಿಕೊಳ್ಳುತ್ತವೆ. ಕನ್ನಡದಲ್ಲಿ ಅಂತರ್ಜಾಲದಲ್ಲಿ ಸಿಗುವ ಹಳೆಯ ಪುಸ್ತಕಗಳು, ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದವೂ ಸೇರಿದಂತೆ, ಸ್ಕ್ಯಾನ್ ಮಾಡಿದ ಪುಟಗಳ ಚಿತ್ರಗಳು. ಅಚ್ಚಿಗೆಂದು ಸಿದ್ಧಪಡಿಸಿದ ಅನೇಕ ಪಿಡಿಎಫ್‌ಗಳು ಯೂನಿಕೋಡ್ (ಎಲ್ಲ ಸಾಧನಗಳಿಗೂ ಒಂದೇ ಆದ ಅಕ್ಷರ ಸಂಕೇತ) ಬರುವುದಕ್ಕೆ ಹಿಂದಿನ ಪದ್ಧತಿಯ ಫಾಂಟುಗಳಲ್ಲಿರುತ್ತವೆ. ಎರಡರಲ್ಲೂ ಸಾಲು ಮರುಹೊಂದುವುದಿಲ್ಲ; ಪುಟ ಹೇಗಿದೆಯೋ ಹಾಗೆಯೇ ನೋಡಬೇಕು. ಪರದೆಗೆ ಹಿಡಿಸದಿದ್ದರೆ ಪ್ರತಿ ಸಾಲಿಗೂ ಪುಟವನ್ನು ಎಡಕ್ಕೆ ಬಲಕ್ಕೆ ಎಳೆಯುತ್ತ ಕೂರಬೇಕಾಗುತ್ತದೆ.

ಆದಕಾರಣ ಹೀಗೆ ಮಾಡಿ. ಊಹೆಯಲ್ಲಿ ಹೇಳಿದ ಪರದೆಯ ಅಳತೆಗೆ ಸರಿಯಾಗಿ ಒಂದು ರಟ್ಟನ್ನು ಕತ್ತರಿಸಿ. ಕಂಪನಿಗಳು ಹೇಳುವುದು ಮೂಲೆಯಿಂದ ಮೂಲೆಗೆ ಅಳೆದ ಉದ್ದವನ್ನು ಮಾತ್ರ. ಅಗಲ-ಎತ್ತರ ತಿಳಿಯಲು ಪರದೆಯ ಅನುಪಾತವೂ ಬೇಕು. 10.1 ಇಂಚಿನ, 16:10 ಅನುಪಾತದ ಪರದೆ ಎಂದರೆ ಸುಮಾರು 21.8 ಸೆಂ.ಮೀ. ಉದ್ದ, 13.6 ಸೆಂ.ಮೀ. ಅಗಲ. ನಮ್ಮ ಪ್ರಕಾಶಕರು ‘ಡೆಮಿ 1/8’ ಎಂದು ಕರೆಯುವ ಪುಸ್ತಕದ ಪುಟ ಸುಮಾರು 21.6 ಸೆಂ.ಮೀ. ಉದ್ದ, 14 ಸೆಂ.ಮೀ. ಅಗಲ. ರಟ್ಟನ್ನು ಅಂಥ ಕಾದಂಬರಿಯ ಪುಟದ ಮೇಲಿಟ್ಟರೆ ಎರಡೂ ಬಹುತೇಕ ಒಂದೇ ಎಂದು ಕಣ್ಣಿಗೇ ಕಾಣುತ್ತದೆ. ಪರದೆಯಲ್ಲಿ ಪುಟದ ಅಂಚಿನ ಖಾಲಿ ಜಾಗವನ್ನು ಕತ್ತರಿಸಿದರಂತೂ ಅಕ್ಷರಗಳು ಮುದ್ರಿತ ಪುಸ್ತಕಕ್ಕಿಂತ ತುಸು ದೊಡ್ಡದಾಗಿಯೇ ಕಾಣುತ್ತವೆ. ಅದೇ ಅನುಪಾತದ 7 ಇಂಚಿನ ಪರದೆಯ ಅಗಲ 9.4 ಸೆಂ.ಮೀ. ಮಾತ್ರ. ಅದರಲ್ಲಿ ಆ ಪುಟ ಮೂರನೇ ಎರಡರಷ್ಟಕ್ಕೆ ಕುಗ್ಗುತ್ತದೆ; ಮೂಲದಲ್ಲಿ 12 ಪಾಯಿಂಟ್ (ಒಂದು ಪಾಯಿಂಟ್ ಎಂದರೆ ಇಂಚಿನ 72ನೇ ಒಂದು ಭಾಗ) ಇದ್ದ ಅಕ್ಷರ 8 ಪಾಯಿಂಟಾಗುತ್ತದೆ. ನಲವತ್ತು ದಾಟಿದ ಕಣ್ಣಿಗೆ ಅದು ಓದುವ ಅಳತೆಯಲ್ಲ.

ಎ4 ಅಳತೆಯ ಸುತ್ತೋಲೆ, ಸಂಶೋಧನಾ ಲೇಖನ, ಪ್ರಶ್ನೆಪತ್ರಿಕೆಗಳು ನಿಮ್ಮ ಟಿಪ್ಪಣಿಯಲ್ಲಿ ಹೆಚ್ಚಾಗಿದ್ದರೆ ಲೆಕ್ಕ ಬೇರೆಯೇ ಆಗುತ್ತದೆ. 10.1 ಇಂಚಿನ ಪರದೆಯಲ್ಲಿ ಎ4 ಪುಟ ಶೇ. 65ಕ್ಕೆ ಇಳಿಯುತ್ತದೆ, 9.7 ಇಂಚಿನ 4:3 ಪರದೆಯಲ್ಲಿ ಶೇ. 66ಕ್ಕೆ; ಅಂದರೆ ಇಂಚಿನ ಲೆಕ್ಕದಲ್ಲಿ ಚಿಕ್ಕದಾದ ಪರದೆ ಆಕಾರದಿಂದಾಗಿ ಸರಿಸಮವಾಗಿ ನಿಲ್ಲುತ್ತದೆ. 12.9 ಇಂಚಿನ 4:3 ಪರದೆಯಲ್ಲಿ ಮಾತ್ರ ಶೇ. 88ರಷ್ಟು ಉಳಿಯುತ್ತದೆ. ಸಿನಿಮಾ ನೋಡಲು ಉದ್ದನೆಯ ಪರದೆ ಚೆಂದ, ದಾಖಲೆ ಓದಲು ಚೌಕದತ್ತ ಸರಿದ ಪರದೆ ಚೆಂದ. ಬರೆಯುವವರು ಇನ್ನೊಂದನ್ನು ಗಮನಿಸಬೇಕು: ಉದ್ದನೆಯ ಪರದೆಯನ್ನು ಅಡ್ಡ ಹಿಡಿದಾಗ, ತೆರೆದುಕೊಳ್ಳುವ ಕೀಲಿಮಣೆ ಹೆಚ್ಚುಕಡಿಮೆ ಅರ್ಧ ಜಾಗವನ್ನು ನುಂಗಿ, ಬರೆದದ್ದನ್ನು ನೋಡಲು ಕೆಲವೇ ಸಾಲು ಉಳಿಸುತ್ತದೆ.

ತೂಕವನ್ನೂ ಇದೇ ಹೊತ್ತಿನಲ್ಲಿ ಪರೀಕ್ಷಿಸಬಹುದು. ಮೊದಲ ಐಪ್ಯಾಡಿನ ತೂಕ 680 ಗ್ರಾಂ ಇತ್ತು. ಅಷ್ಟು ತೂಗುವ ಪುಸ್ತಕವೊಂದನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಆರಿಸಿ, ಒಂದೇ ಕೈಯಲ್ಲಿ ಹಿಡಿದು ಅರ್ಧ ಗಂಟೆ ಓದಿ ನೋಡಿದರೆ ನಿಮ್ಮ ಮಣಿಕಟ್ಟೇ ಮಿತಿಯನ್ನು ಹೇಳುತ್ತದೆ. ಮಲಗಿ ಓದುವ ಅಭ್ಯಾಸವಿದ್ದವರು 500 ಗ್ರಾಂ ಮೀರದಂತೆ ನೋಡಿಕೊಳ್ಳುವುದು ಒಳಿತು. ಕವರಿನ ತೂಕವನ್ನು ಸೇರಿಸಿಯೇ ಈ ಲೆಕ್ಕ.

ಹೊರಗೆ ಬಿಸಿಲಿನಲ್ಲಿ ಓದಬೇಕಾದವರ ಕಷ್ಟಕ್ಕೆ ಇನ್ನೂ ಒಳ್ಳೆಯ ಪರಿಹಾರ ಸಾಮಾನ್ಯ ಟ್ಯಾಬ್ಲೆಟ್ಟುಗಳಲ್ಲಿ ಬಂದಿಲ್ಲ. ಭಾರತದ ನೋಷನ್ ಇಂಕ್ ಸಂಸ್ಥೆ 2011ರ ಆರಂಭದಲ್ಲಿ ತಂದ ‘ಆಡಮ್’ ಟ್ಯಾಬ್ಲೆಟ್ಟಿನ ಒಂದು ಮಾದರಿಯಲ್ಲಿ ಪಿಕ್ಸೆಲ್ ಚಿ ಪರದೆ ಇತ್ತು. ಹಿಂಬೆಳಕನ್ನು ಆರಿಸಿದರೆ ಬಿಸಿಲಿನ ಬೆಳಕನ್ನೇ ಪ್ರತಿಫಲಿಸಿ ಅಕ್ಷರ ಕಾಣಿಸುತ್ತಿತ್ತು. ಆ ದಾರಿಯನ್ನು ದೊಡ್ಡ ಕಂಪನಿಗಳು ಹಿಡಿಯದೆ ಹೋದದ್ದು ನಷ್ಟವೇ ಎಂದು ನನ್ನ ಅಭಿಪ್ರಾಯ. ಹೊಸ ಸಾಧನದಲ್ಲಿ ಕನಿಷ್ಠ 500 ನಿಟ್ಸ್ (ಪರದೆಯ ಬೆಳಕಿನ ಅಳತೆ) ಪ್ರಕಾಶವನ್ನೂ, ಸಾಧ್ಯವಾದರೆ ಹೊಳಪಿಲ್ಲದ ಮೇಲ್ಮೈಯನ್ನೂ ಬೇಡಿಕೆಯಾಗಿ ಬರೆದುಕೊಳ್ಳಿ.

ಕನ್ನಡದ ಅಕ್ಷರ ಕೇಳುವ ಸೂಕ್ಷ್ಮ

ಕನ್ನಡದಲ್ಲಿ ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ ಅಕ್ಷರಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ಒತ್ತಕ್ಷರಗಳು ಮೂಲ ಅಕ್ಷರದ ಅರ್ಧದಷ್ಟು ಅಳತೆಯಲ್ಲಿ ಕೆಳಗೆ ಕೂರುತ್ತವೆ. ‘ರಾಷ್ಟ್ರ’ದಂಥ ಪದದಲ್ಲಿ ಒಂದಕ್ಕೆ ಎರಡು. ಪರದೆಯ ಸ್ಪಷ್ಟತೆ ಕಡಿಮೆಯಾದಾಗ ಮೊದಲು ಕಲಸಿಹೋಗುವುದು ಇವೇ. ಲೆಕ್ಕ ಹಾಕಿ ನೋಡಿ: 8 ಪಾಯಿಂಟಿನ ಅಕ್ಷರಕ್ಕೆ ಮೊದಲ ಐಪ್ಯಾಡಿನಲ್ಲಿ, ಇಂಚಿಗೆ 132 ಚುಕ್ಕೆಗಳಂತೆ, ಎತ್ತರದಲ್ಲಿ ಸಿಗುತ್ತಿದ್ದದ್ದು ಸುಮಾರು 15 ಚುಕ್ಕೆ, ಅದರ ಒತ್ತಕ್ಷರಕ್ಕೆ ಏಳೋ ಎಂಟೋ. ಅಷ್ಟರಲ್ಲಿ ಒಂದು ಸೀಳನ್ನು ಸ್ವಚ್ಛವಾಗಿ ಬಿಡಿಸಲಾಗದು. 2012ರಲ್ಲಿ ಬಂದ ಮೂರನೆಯ ಐಪ್ಯಾಡಿನಲ್ಲಿ ಇಂಚಿಗೆ 264 ಚುಕ್ಕೆಗಳಾದಾಗ ಅದೇ ಅಕ್ಷರಕ್ಕೆ 29 ಚುಕ್ಕೆ ಸಿಕ್ಕಿತು. ಈಗಲೂ ಕಡಿಮೆ ಬೆಲೆಯ 10.1 ಇಂಚಿನ ಟ್ಯಾಬ್ಲೆಟ್ಟುಗಳಲ್ಲಿ 1280×800 ಪರದೆ ಬರುವುದುಂಟು. ಅದು ಇಂಚಿಗೆ 149 ಚುಕ್ಕೆ. 1920×1200 ಇದ್ದರೆ 224. ಸ್ಕ್ಯಾನ್ ಪುಟಗಳನ್ನು ಓದುವವರು ಈ ಎರಡನೆಯದನ್ನು ಕನಿಷ್ಠ ಮಿತಿಯೆಂದು ಎಡಭಾಗದಲ್ಲಿ ಬರೆಯಬೇಕು, ಇದರಲ್ಲಿ ರಾಜಿ ಬೇಡ.

ಅಕ್ಷರ ಮೂಡಿಸುವ ತಂತ್ರಾಂಶವನ್ನು ಪರೀಕ್ಷಿಸಲು ಒಂದು ಸಾಲನ್ನು ಫೋನಿನಲ್ಲಿ ಸಿದ್ಧವಾಗಿಟ್ಟುಕೊಳ್ಳಿ: ಸ್ತ್ರೀ, ಧೃತರಾಷ್ಟ್ರ, ಅರ್ಘ್ಯ, ಕೃತ್ಸ್ನ, ರ‍್ಯಾಂಕ್, ಫ಼್ಯಾನ್. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಸಾಧನಕ್ಕೆ ಇದನ್ನು ಕಳಿಸಿ, ಬ್ರೌಸರ್, ಟಿಪ್ಪಣಿ ಬರೆಯುವ ಆ್ಯಪ್ ಮತ್ತು ಕಡತದ ಹೆಸರು, ಈ ಮೂರು ಕಡೆ ಹಾಕಿ ನೋಡಿ. ‘ಅರ್ಘ್ಯ’ದಲ್ಲಿ ಅರ್ಕಾವತ್ತು ಬಲಕ್ಕೆ ಸರಿಯಾಗಿ ಬಂದು ಯ-ಒತ್ತು ಕೆಳಗಿರಬೇಕು. ‘ರ‍್ಯಾಂಕ್’ನಲ್ಲಿ ರ ಅಕ್ಷರ ಮೊದಲು ನಿಂತು ಯ ಒತ್ತಾಗಬೇಕೇ ಹೊರತು ಯಾ ಮುಂದಾಗಿ ಅರ್ಕಾವತ್ತು ಹಿಂದಾಗಬಾರದು. ‘ಫ಼್ಯಾನ್’ನ ಎರಡು ಚುಕ್ಕೆಗಳು ಅಕ್ಷರದ ಕೆಳಗೆ ನಿಲ್ಲಬೇಕು, ಬೇರೆಯಾಗಿ ಒಂದು ಖಾಲಿ ವೃತ್ತದ ಮೇಲೆ ಬರಬಾರದು. ಆಂಡ್ರಾಯ್ಡ್‌ನಲ್ಲಿ 2012ರ 4.1 ಆವೃತ್ತಿಯಿಂದಲೇ ಕನ್ನಡ ಲಿಪಿಗೆ ಬೆಂಬಲವಿದೆ. ಆದರೂ ತಯಾರಕರು ತಮ್ಮದೇ ಅಲಂಕಾರದ ಫಾಂಟುಗಳನ್ನು ಹಾಕಿದಾಗ, ಒತ್ತಕ್ಷರದ ಕೆಳಭಾಗ ಪರದೆಯ ಮೆನುಗಳಲ್ಲಿ ತುಂಡಾಗಿ ಕಾಣುವುದುಂಟು.

ಬರೆಯುವವರು ಕೀಲಿಮಣೆಯನ್ನು ಎರಡು ಬಾರಿ ಪರೀಕ್ಷಿಸಬೇಕು. ಪರದೆಯ ಮೇಲಿನ ಕೀಲಿಮಣೆಯಲ್ಲಿ ಕನ್ನಡ ಸಿಗುವುದು ಈಗ ಸಾಮಾನ್ಯ. ಬ್ಲೂಟೂತ್ ಕೀಲಿಮಣೆಯನ್ನು ಜೋಡಿಸಿದಾಗಲೂ ನಿಮಗೆ ರೂಢಿಯಾದ ವಿನ್ಯಾಸ, ಅದು ಕೆ.ಪಿ. ರಾವ್ ರೂಪಿಸಿದ್ದಾಗಲಿ ಇನ್‌ಸ್ಕ್ರಿಪ್ಟ್ ಆಗಲಿ, ಸಿಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ, ಮಾರಾಟಗಾರರಿಗೆ ಇದರ ಉತ್ತರ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಕಡತಗಳನ್ನು ಇನ್ನೂ ತಿದ್ದಬೇಕಾದವರಿಗೆ ಆಂಡ್ರಾಯ್ಡ್ ಅಥವಾ ಐಪ್ಯಾಡ್ ಸಾಲದು. ವಿಂಡೋಸ್ ಇರುವ ಟ್ಯಾಬ್ಲೆಟ್ಟೇ ಬೇಕು. ಅಲ್ಲಿಯೂ ಪ್ರೊಸೆಸರ್ ಯಾವುದೆಂದು ಕೇಳಿ. 2012ರಲ್ಲಿ ಮೈಕ್ರೋಸಾಫ್ಟ್ ತಂದ ಸರ್ಫೇಸ್ ಆರ್‌ಟಿ ನೋಡಲು ವಿಂಡೋಸ್‌ನಂತೆಯೇ ಇದ್ದರೂ, ಹೊರಗಿನಿಂದ ತಂದ ಹಳೆಯ ವಿಂಡೋಸ್ ತಂತ್ರಾಂಶಗಳನ್ನು ಅದರಲ್ಲಿ ನಡೆಸಲಾಗುತ್ತಿರಲಿಲ್ಲ. ಅದರಲ್ಲಿದ್ದದ್ದು ಫೋನುಗಳಲ್ಲಿ ಬಳಸುವ ಆರ್ಮ್ ಬಗೆಯ ಪ್ರೊಸೆಸರ್. ಈಗಿನ ಆರ್ಮ್ ಪ್ರೊಸೆಸರಿನ ವಿಂಡೋಸ್ ಅವನ್ನು ಅನುಕರಣೆಯ ಮೂಲಕ ನಡೆಸುತ್ತದೆ, ಆದರೂ ನಿಮ್ಮದೇ ಕಡತವನ್ನು ತೆರೆದು ನೋಡಿದ ನಂತರವೇ ನಂಬಬೇಕು.

ಸ್ಕ್ಯಾನ್ ಪುಟದಿಂದ ಪಠ್ಯವನ್ನು ಬಿಡಿಸುವ, ಪಠ್ಯವನ್ನು ಓದಿ ಹೇಳುವ, ಮಾತನ್ನು ಬರಹಕ್ಕಿಳಿಸುವ ಸೌಲಭ್ಯಗಳು ಹೊಸ ಸಾಧನದ ಪ್ರಚಾರದಲ್ಲಿ ‘ಎಐ’ ಹೆಸರಿನಲ್ಲಿ ಖಂಡಿತ ಬರುತ್ತವೆ. ಪ್ರತಿಯೊಂದರ ಮುಂದೆಯೂ ‘ಕನ್ನಡದಲ್ಲಿ’ ಮತ್ತು ‘ಇಂಟರ್ನೆಟ್ ಇಲ್ಲದೆ’ ಎಂದು ಎರಡು ಚೌಕ ಬರೆದುಕೊಂಡು ತುಂಬಿಸಿ. ಗೂಗಲ್‌ನ ಧ್ವನಿ ಟೈಪಿಂಗ್‌ಗೆ ಕನ್ನಡ ಸೇರಿದ್ದು 2017ರಲ್ಲಿ. ಡ್ರೈವ್‌ನ ಮೂಲಕ ಕನ್ನಡ ಚಿತ್ರಪುಟವನ್ನು ಪಠ್ಯವಾಗಿಸಲೂ ಬರುತ್ತದೆ. ಇವು ಯಾವ ಟ್ಯಾಬ್ಲೆಟ್ಟಿನಲ್ಲಿಯೂ ಸಿಗುವಂಥವಾದ್ದರಿಂದ ಇವುಗಳಿಗಾಗಿ ಹೊಸ ಮಾದರಿಗೆ ಹೆಚ್ಚಿನ ಹಣ ಕೊಡಬೇಕಾಗಿಲ್ಲ.

ಪೆನ್ನು

ಈಗಿನ ಪರದೆಗಳು ಬೆರಳಿನ ವಿದ್ಯುದಂಶವನ್ನು ಗ್ರಹಿಸುವಂಥವು. ಪೆನ್ನಿನಲ್ಲಿ ಸರಿಯಾಗಿ ಬರೆಯಬೇಕಾದರೆ ಅದಕ್ಕೆ ಪ್ರತ್ಯೇಕ ವ್ಯವಸ್ಥೆ ಬೇಕು. ನೂರಿನ್ನೂರು ರೂಪಾಯಿಗೆ ಸಿಗುವ ರಬ್ಬರ್ ತುದಿಯ ಕಡ್ಡಿ ಬೆರಳಿನ ಬದಲಿಗೆ ಆದೀತು, ಬರವಣಿಗೆಗೆ ಆಗದು. ವಾಕಮ್ ಎಂಬ ಕಂಪನಿಯ ಪದ್ಧತಿಯಲ್ಲಿ ಪರದೆಯ ಕೆಳಗಿನ ಪದರವೇ ಪೆನ್ನಿಗೆ ಶಕ್ತಿ ಕೊಡುತ್ತದೆ, ಪೆನ್ನಿಗೆ ಬ್ಯಾಟರಿ ಬೇಡ. ಸ್ಯಾಮ್ಸಂಗ್‌ನ ಎಸ್ ಪೆನ್ ಈ ಬಗೆಯದು. 2015ರಲ್ಲಿ ಐಪ್ಯಾಡ್ ಪ್ರೊ ಜೊತೆ ಬಂದ ಆಪಲ್ ಪೆನ್ಸಿಲ್ ಚಾರ್ಜ್ ಮಾಡಬೇಕಾದದ್ದು. ಗುಣದಲ್ಲಿ ಎರಡೂ ಚೆನ್ನಾಗಿವೆ. ಆದರೆ ಅಪರೂಪಕ್ಕೆ ಬರೆಯುವವರಿಗೆ ಬ್ಯಾಟರಿ ಬೇಡದ ಪೆನ್ನೇ ಅನುಕೂಲ, ಏಕೆಂದರೆ ಬೇಕಾದ ಹೊತ್ತಿಗೆ ಅದು ಸತ್ತಿರುವುದಿಲ್ಲ.

ಪರೀಕ್ಷೆಗೆ ಅಂಗೈಯನ್ನು ಪರದೆಯ ಮೇಲೆ ಪೂರ್ತಿ ಊರಿ, ನಿಮ್ಮ ಮಾಮೂಲಿ ವೇಗದಲ್ಲಿ ನಾಲ್ಕು ಸಾಲು ಕನ್ನಡ ಬರೆಯಿರಿ. ಕನ್ನಡದ ದುಂಡನೆಯ ಅಕ್ಷರಗಳಲ್ಲಿ ಪೆನ್ನು ತಿರುಗಿ ತಿರುಗಿ ಬರುವುದರಿಂದ, ಗೆರೆ ಪೆನ್ನಿನ ಹಿಂದೆ ಉಳಿದರೆ ತಕ್ಷಣ ಗೊತ್ತಾಗುತ್ತದೆ. ಅಂಗೈ ತಾಗಿದಲ್ಲೆಲ್ಲ ಗೀರು ಬಿದ್ದರೆ ಆ ಸಾಧನ ತರಗತಿಯ ಟಿಪ್ಪಣಿಗೆ ಸಲ್ಲದು.

ಬ್ಯಾಟರಿ, ಸಂಗ್ರಹ, ಸಿಮ್

ಇವುಗಳ ಲೆಕ್ಕ ಸರಳ. ಬ್ಯಾಟರಿಯನ್ನು ಎಂಎಎಚ್‌ನಲ್ಲಿ ಹೇಳಿದರೆ ಅದನ್ನು ಬ್ಯಾಟರಿಯ ಸಾಮಾನ್ಯ ವೋಲ್ಟೇಜ್ ಆದ 3.85ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ವ್ಯಾಟ್-ಗಂಟೆ, ಅಂದರೆ ಬ್ಯಾಟರಿಯಲ್ಲಿ ತುಂಬುವ ಒಟ್ಟು ಶಕ್ತಿಯ ಅಳತೆ, ಸಿಗುತ್ತದೆ. 8,000 ಎಂಎಎಚ್ ಎಂದರೆ ಸುಮಾರು 31 ವ್ಯಾಟ್-ಗಂಟೆ. ಮೊದಲ ಐಪ್ಯಾಡ್ 25 ವ್ಯಾಟ್-ಗಂಟೆಯಲ್ಲಿ 10 ಗಂಟೆ ಓಡುತ್ತದೆ ಎಂದು ಕಂಪನಿ ಹೇಳಿತ್ತು, ಅಂದರೆ ಗಂಟೆಗೆ ಎರಡೂವರೆ ವ್ಯಾಟ್-ಗಂಟೆಯ ಖರ್ಚು. ಪರದೆ ದೊಡ್ಡದಾದಷ್ಟೂ ಪ್ರಕಾಶ ಹೆಚ್ಚಿದಷ್ಟೂ ಈ ಖರ್ಚು ಏರುತ್ತದೆ. ಆದ್ದರಿಂದ ಎಂಎಎಚ್ ಒಂದನ್ನೇ ನೋಡಿ ಎರಡು ಸಾಧನಗಳನ್ನು ಹೋಲಿಸಬಾರದು.

64 ಜಿಬಿ ಎಂದು ಬರೆದ ಸಾಧನದಲ್ಲಿ ಲೆಕ್ಕದ ಪದ್ಧತಿಯ ವ್ಯತ್ಯಾಸದಿಂದಲೇ ಸುಮಾರು 59.6 ಎಂದು ತೋರಿಸುತ್ತದೆ, ಅದರ ಮೇಲೆ ವ್ಯವಸ್ಥೆಯ ಕಡತಗಳ ಪಾಲು ಬೇರೆ. 32 ಜಿಬಿಯ ಸರ್ಫೇಸ್ ಆರ್‌ಟಿಯಲ್ಲಿ ಬಳಕೆದಾರರಿಗೆ ಉಳಿಯುತ್ತಿದ್ದದ್ದು ಸುಮಾರು 16 ಜಿಬಿ. ‘ಬಳಕೆಗೆ ಎಷ್ಟು ಖಾಲಿ?’ ಎಂದೇ ಕೇಳಿ. ಮೆಮೊರಿ ಕಾರ್ಡಿನ ಕಿಂಡಿ ಇದ್ದರೆ ಸಂಗ್ರಹದ ಚಿಂತೆ ಬಲಭಾಗಕ್ಕೆ ಸರಿಯುತ್ತದೆ. ರ‍್ಯಾಮ್ ಮಾತ್ರ ಎಂದಿಗೂ ಎಡಭಾಗದ್ದೇ, ಅದು 8 ಜಿಬಿಗಿಂತ ಕಡಿಮೆ ಬೇಡ.

ಮನೆಯಲ್ಲಿ ವೈಫೈ ಇದ್ದು ಹೊರಗೆ ಫೋನಿನ ಹಾಟ್‌ಸ್ಪಾಟ್ ಸಾಕು ಎನ್ನುವವರಿಗೆ ಸಿಮ್ ಅನಗತ್ಯ ಖರ್ಚು. ಆದರೆ ಸಿಮ್ ಇಲ್ಲದ ಐಪ್ಯಾಡಿನಲ್ಲಿ ಜಿಪಿಎಸ್ ಕೂಡ ಇರುವುದಿಲ್ಲ ಎಂಬುದನ್ನು ಸರ್ವೇ ಕೆಲಸದವರು, ತೋಟದ ನಕ್ಷೆ ಮಾಡುವವರು ಮೊದಲೇ ತಿಳಿದಿರಬೇಕು. ಚಲನಚಿತ್ರದ ಆ್ಯಪ್‌ಗಳಲ್ಲಿ ಎಚ್‌ಡಿ ಗುಣಮಟ್ಟ ಬೇಕೆನ್ನುವವರು ಆಂಡ್ರಾಯ್ಡ್ ಸಾಧನಕ್ಕೆ ‘ವೈಡ್‌ವೈನ್ ಎಲ್1’ (ಚಿತ್ರಗಳ ನಕಲು ತಡೆಯುವ ವ್ಯವಸ್ಥೆಯ ಮೇಲ್ಮಟ್ಟ) ಇದೆಯೇ ಎಂದು ನೋಡಿದರೆ ಸಾಕು.

ಎಷ್ಟು ವರ್ಷ ಬಾಳಬೇಕು

ಎಲ್ಲಕ್ಕಿಂತ ಕಡಿಮೆ ಊಹೆಗಳು ಹುಟ್ಟುವುದು ಈ ವಿಷಯದಲ್ಲಿ, ಎಲ್ಲಕ್ಕಿಂತ ಹೆಚ್ಚು ಬೇಕಾದದ್ದೂ ಇದೇ. 2011ರ ಜುಲೈನಲ್ಲಿ ಮಾರುಕಟ್ಟೆಗೆ ಬಂದ ಎಚ್‌ಪಿ ಟಚ್‌ಪ್ಯಾಡನ್ನು ಆಗಸ್ಟಿನಲ್ಲಿಯೇ ನಿಲ್ಲಿಸಿ, ಉಳಿದ ಸರಕನ್ನು 99 ಡಾಲರಿಗೆ ಮಾರಿದರು. ಅಗ್ಗವೆಂದು ಕೊಂಡವರ ಕೈಯಲ್ಲಿ ಒಳ್ಳೆಯ ಯಂತ್ರ ಉಳಿಯಿತು, ಆ್ಯಪ್‌ಗಳು ಉಳಿಯಲಿಲ್ಲ. ಬ್ಯಾಂಕಿನ ಆ್ಯಪ್, ಪಾಠದ ಆ್ಯಪ್ ಹಳೆಯ ವ್ಯವಸ್ಥೆಯಲ್ಲಿ ನಡೆಯದೆ ಹೋದ ದಿನ ಟ್ಯಾಬ್ಲೆಟ್ಟಿನ ಆಯಸ್ಸು ಮುಗಿಯುತ್ತದೆ, ಪರದೆ ಎಷ್ಟೇ ಚೆನ್ನಾಗಿರಲಿ.

ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಟ್ಯಾಬ್ಲೆಟ್ಟುಗಳ ಮಾರಾಟ ನಿಂತ ನಂತರವೂ ಕನಿಷ್ಠ 5 ವರ್ಷ ತಂತ್ರಾಂಶದ ಅಪ್‌ಡೇಟ್ ಸಿಗಬೇಕು, ಬ್ಯಾಟರಿ 800 ಬಾರಿ ಚಾರ್ಜ್ ಆದ ಮೇಲೂ ಮೂಲ ಸಾಮರ್ಥ್ಯದ ಶೇ. 80ರಷ್ಟನ್ನು ಉಳಿಸಿಕೊಂಡಿರಬೇಕು. ನಿಯಮ ಅಲ್ಲಿಗೆ ಮಾತ್ರ ಅನ್ವಯಿಸುತ್ತದೆ. ಆದರೆ ಮಾಹಿತಿ ನಮಗೂ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಮಾರುವ ಪ್ರತಿ ಮಾದರಿಗೂ ಒಂದು ಚೀಟಿ ಕಡ್ಡಾಯವಾಗಿದ್ದು, ಒಂದು ಚಾರ್ಜಿಗೆ ಎಷ್ಟು ಹೊತ್ತು ನಡೆಯುತ್ತದೆ, ಬ್ಯಾಟರಿ ಎಷ್ಟು ಸುತ್ತು ತಾಳುತ್ತದೆ, ರಿಪೇರಿ ಎಷ್ಟು ಸುಲಭ ಎಂಬುದೆಲ್ಲ ಅದರಲ್ಲಿರುತ್ತದೆ. ‘ಎಪ್ರೆಲ್’ ಎಂಬ ಸಾರ್ವಜನಿಕ ದತ್ತಾಂಶ ತಾಣದಲ್ಲಿ ಮಾದರಿಯ ಸಂಖ್ಯೆ ಕೊಟ್ಟು ಹುಡುಕಿದರೆ ಇದನ್ನು ಯಾರು ಬೇಕಾದರೂ ನೋಡಬಹುದು. ಜಾಹೀರಾತಿನ ‘ಇಡೀ ದಿನದ ಬ್ಯಾಟರಿ’ಗಿಂತ ಈ ಚೀಟಿ ಹೆಚ್ಚು ಕೆಲಸಕ್ಕೆ ಬರುತ್ತದೆ. ನಿಮಗೆ ಬೇಕಾದ ಮಾದರಿ ಅಲ್ಲಿ ಮಾರಾಟವಾಗುತ್ತಿಲ್ಲದಿದ್ದರೆ, ಎಷ್ಟು ವರ್ಷ ಭದ್ರತಾ ಅಪ್‌ಡೇಟ್ ಕೊಡುತ್ತಾರೆ ಎಂಬುದನ್ನು ಕಂಪನಿಯ ತಾಣದಲ್ಲಿ ಲಿಖಿತವಾಗಿ ಕಂಡ ಮೇಲೆಯೇ ಮುಂದುವರಿಯಿರಿ.

ಬಿಡುಗಡೆಯ ದಿನ ಮತ್ತು ಆಮೇಲೆ

ಘೋಷಣೆಯಾದ ದಿನ ಪಟ್ಟಿಯನ್ನು ತೆಗೆದು ಎಡಭಾಗಕ್ಕೆ ಮಾತ್ರ ಅಂಕ ಹಾಕಿ. ಎಡಭಾಗದ ಒಂದು ಕಡ್ಡಾಯ ಬೇಡಿಕೆ ತಪ್ಪಿದರೂ ಬಲಭಾಗವನ್ನು ನೋಡುವ ಅಗತ್ಯವಿಲ್ಲ. ಎಲ್ಲ ಹೊಂದಿದರೆ ಬೆಲೆಯನ್ನು ಕೂಡಿಸಿ, ಆದರೆ ಪೆಟ್ಟಿಗೆಯ ಮೇಲಿನ ಬೆಲೆಯನ್ನಷ್ಟೇ ಅಲ್ಲ: ಪೆನ್ನು ಜೊತೆಗೆ ಬರುತ್ತದೆಯೇ, ಕೀಲಿಮಣೆಯ ಕವರ್ ಎಷ್ಟು, ಚಾರ್ಜರ್ ಪೆಟ್ಟಿಗೆಯಲ್ಲಿದೆಯೇ, ವಾರಂಟಿ ಮುಗಿದ ಮೇಲೆ ಪರದೆ ಬದಲಾಯಿಸಲು ಅಧಿಕೃತ ಸೇವಾ ಕೇಂದ್ರ ಎಷ್ಟು ಕೇಳುತ್ತದೆ ಎಂಬುದೆಲ್ಲ ಸೇರಬೇಕು. ಸೇವಾ ಕೇಂದ್ರ ನಿಮ್ಮ ಜಿಲ್ಲಾ ಕೇಂದ್ರದಲ್ಲಿದೆಯೋ ಅಥವಾ ಬೆಂಗಳೂರಿಗೇ ಕಳಿಸಬೇಕೋ ಎಂಬುದನ್ನೂ ಕೇಳಿ. ಕಲಬುರಗಿಯಲ್ಲೋ ಕಾರವಾರದಲ್ಲೋ ಇರುವವರಿಗೆ ಇದು ಸಣ್ಣ ಮಾತಲ್ಲ.

ಮುಂಗಡ ಬುಕಿಂಗ್ ಮಾಡಬೇಕಾದ ಸಂದರ್ಭ ಬಹಳ ಕಡಿಮೆ. ಮೊದಲ ತಿಂಗಳು ಕೊಂಡವರು ಬರೆದದ್ದನ್ನು ಓದಿ, ಹೊಸದು ಬಂದಾಗ ಹಿಂದಿನ ಮಾದರಿಯ ಬೆಲೆ ಎಷ್ಟು ಇಳಿಯುತ್ತದೆ ನೋಡಿ, ಅದೇ ಪಟ್ಟಿಯನ್ನು ಆ ಹಳೆಯ ಮಾದರಿಯ ಮೇಲೂ ಇಟ್ಟು ನೋಡಿ. ಎಡಭಾಗದ ಅಂಕ ಎರಡಕ್ಕೂ ಒಂದೇ ಬಂದರೆ, ಅಪ್‌ಡೇಟ್ ಸಿಗುವ ವರ್ಷಗಳಲ್ಲಿ ಕಡಿಮೆಯಾದದ್ದೆಷ್ಟು, ಬೆಲೆಯಲ್ಲಿ ಉಳಿಯುವುದೆಷ್ಟು ಎಂದು ತೂಗಿ ತೀರ್ಮಾನಿಸಬಹುದು. ಕೊಂಡ ನಂತರ, ವಾಪಸು ಕೊಡುವ ಅವಧಿ ಮುಗಿಯುವುದರೊಳಗೆ, ಬಿಳಿಯ ಪುಟವೊಂದನ್ನು ಪೂರ್ತಿ ಪರದೆಗೆ ತೆರೆದು ಸತ್ತ ಚುಕ್ಕೆಗಳಿವೆಯೇ ನೋಡಿ, ಪರೀಕ್ಷೆಯ ಆ ಕನ್ನಡ ಸಾಲನ್ನು ಮತ್ತೊಮ್ಮೆ ಹಾಕಿ ನೋಡಿ, ನಿಮ್ಮ ಟಿಪ್ಪಣಿಯಲ್ಲಿ ಅತಿ ಹೆಚ್ಚು ಬಾರಿ ಬಂದ ಪುಸ್ತಕವನ್ನು ತೆರೆದು ಒಂದು ಅಧ್ಯಾಯವನ್ನು ಒಂದೇ ಕೂರಿಕೆಯಲ್ಲಿ ಓದಿ. ರಸೀದಿಯನ್ನೂ ಪೆಟ್ಟಿಗೆಯನ್ನೂ ವಾರಂಟಿ ಮುಗಿಯುವವರೆಗೆ ಎಸೆಯಬೇಡಿ.